ಭೀಮಗಡದ ಕಾಡಿನಲ್ಲಿ ಮೊಮ್ಮಗಳ ಓಟ

ನಮ್ಮೂರು ಹುಕ್ಕೇರಿ ತಾಲ್ಲೂಕಿನ ದಡ್ಡಿ. ಹೆಸರು ಕೇಳಿದೊಡನೆ ಬೆಂಗಳೂರಿನ ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಕುರಿ, ದನ ಕೂಡಿಹಾಕುವ ಜಾಗಕ್ಕೂ ದಡ್ಡಿ ಎನ್ನುತ್ತಾರೆ ಎಂದು ನಾನು ಪ್ರತಿ ಸಲ ವಿವರಿಸುತ್ತೇನೆ. ನನ್ನ ಮೊಮ್ಮಗಳು ಒಂಬತ್ತನೆಯ ತರಗತಿ, ಶಾಲೆಯ ಗುಡ್ಡಗಾಡು ಓಟದ ತಂಡದಲ್ಲಿದ್ದಾಳೆ. ಡಿಸೆಂಬರ್ ರಜೆಗೆ ಬಂದವಳು ಹೊಲದ ಬದುವಿನ ಮೇಲೆ ಎರಡು ದಿನ ಓಡಿ, ಮೂರನೆಯ ದಿನ ಹಟ ಹಿಡಿದಳು: "ಅಜ್ಜಾ, ಖರೇ ಕಾಡಿನ್ಯಾಗ ಓಡಬೇಕು."

ಖರೇ ಕಾಡು ನಮ್ಮ ಜಿಲ್ಲೆಯಲ್ಲೇ ಇದೆ. ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಧಾಮ, ಸುಮಾರು 190 ಚದರ ಕಿಲೋಮೀಟರ್. 2011ರ ಡಿಸೆಂಬರಿನಲ್ಲಿ ಅದಕ್ಕೆ ವನ್ಯಧಾಮದ ಪಟ್ಟ ಸಿಕ್ಕಿತು, ಆದರೆ ಕಾಡು ಯಾವ ಪಟ್ಟಕ್ಕೂ ಕಾದು ಕುಳಿತದ್ದಲ್ಲ. ಶಿವಾಜಿಯ ಕಾಲದ ಕೋಟೆ ಅದರ ನಡುವೆ ಇದೆ. ಮಹದಾಯಿ ಅಲ್ಲಿ ಹುಟ್ಟಿ ಪಶ್ಚಿಮಕ್ಕೆ ಗೋವೆಯತ್ತ ಹೋಗುತ್ತದೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಬರುತ್ತಾಳೆ. ಬಾರಾಪೇಡೆ ಗುಹೆಗಳಲ್ಲಿ ದೊಡ್ಡ ಕಿವಿಯ ಒಂದು ಬಾವಲಿ ಇದೆ, ರಾಟನ್ ಬಾವಲಿ ಎಂದು ಹೆಸರು. ಬಹಳ ವರ್ಷ ಜಗತ್ತಿನಲ್ಲಿ ಅದರ ನೆಲೆ ಅದೊಂದೇ ಎಂದು ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತಂತೆ.

ಮುಂಚೆಯೇ ಅನುಮತಿ ಪಡೆದು, ಬೆಳಗಿನ ಏಳಕ್ಕೆ ಹೆಮ್ಮಡಗಾ ತಲುಪಿದೆವು. ಮಂಜು ಇನ್ನೂ ಎದ್ದಿರಲಿಲ್ಲ. ಮತ್ತಿ, ಜಂಬೆ ಮರಗಳ ಬುಡವಷ್ಟೇ ಕಾಣುತ್ತಿತ್ತು, ತಲೆ ಇಲ್ಲ. ನಮ್ಮ ಜೊತೆ ಇಬ್ಬರು ಅರಣ್ಯ ಕಾವಲುಗಾರರು. ಹಿರಿಯವನು ಮೊಮ್ಮಗಳ ಹೊಳೆಯುವ ಬೂಟು ನೋಡಿ ಹೇಳಿದ:

"ಇಲ್ಲಿ ಓಡಬಾರದವ್ವಾ. ಕರಡಿ ಇರತಾವ. ನಡಕೋತ ಮಾತಾಡಕೋತ ಹೋದ್ರ ಸಪ್ಪಳ ಕೇಳಿ ಅದ ದೂರ ಸರಿತೈತಿ. ನೀ ಸುಮ್ಮನ ಓಡಿ ತಿರುವಿನ್ಯಾಗ ಎದುರಾದ್ರ ಅದಕ್ಕೂ ಹೆದರಿಕಿ, ನಿನಗೂ ಹೆದರಿಕಿ. ಹೆದರಿದ ಕರಡಿ ಬಿಡೂದಿಲ್ಲ."

ಅವಳ ಮುಖ ಬಾಡಿತು. ಕೊನೆಗೆ ಒಂದು ರಾಜಿ ಆಯಿತು. ಶಿಬಿರದ ಹತ್ತಿರದ ಅಗಲವಾದ ದಾರಿಯಲ್ಲಿ, ಹಳ್ಳದವರೆಗೆ ಹೋಗಿ ಬರುವುದು. ಮುಂದೆ ಕಿರಿಯ ಕಾವಲುಗಾರ ಓಡುವುದು, ಪ್ರತಿ ತಿರುವಿಗೂ ಇಬ್ಬರೂ ಚಪ್ಪಾಳೆ ತಟ್ಟುವುದು, ಅವನು ನಿಂತರೆ ಇವಳೂ ನಿಲ್ಲುವುದು. ನನಗೆ ಒಂದೇ ಕೆಲಸ, ನನ್ನ ಹಳೆಯ ಎಚ್‌ಎಂಟಿ ಗಡಿಯಾರದಲ್ಲಿ ವೇಳೆ ನೋಡುವುದು. ಇಬ್ಬರೂ ಹೊರಟರು. ಸ್ವಲ್ಪ ಹೊತ್ತಿಗೆ ಚಪ್ಪಾಳೆಯೊಂದೇ ಕೇಳುತ್ತಿತ್ತು, ಆಮೇಲೆ ಅದೂ ಇಲ್ಲ.

ನಾನೂ ಹಿರಿಯ ಕಾವಲುಗಾರನೂ ಕಲ್ಲಿನ ಮೇಲೆ ಕುಳಿತೆವು. ಅವನು ಕಾಡಿನೊಳಗಿನ ಹಳ್ಳಿಯವನೇ. ನಾನು ಬ್ಯಾಂಕಿನವನೆಂದು ತಿಳಿದು, ಕೊಂಚ ತಡೆದು ಕೇಳಿದ: "ಹದಿನೈದು ಲಕ್ಷ ಇಟ್ಟರ ತಿಂಗಳಾ ಎಷ್ಟ ಬರತೈತ್ರಿ ಅಜ್ಜಾರ?"

ವಿಷಯ ನನಗೆ ಗೊತ್ತಿತ್ತು. ಕಾಡಿನೊಳಗಿನ ತಳೇವಾಡಿಯ 27 ಕುಟುಂಬಗಳು ಹೊರಗೆ ಬರಲು ಒಪ್ಪಿ, 2025ರಲ್ಲಿ ಪರಿಹಾರದ ಮೊದಲ ಕಂತಿನ ಚೆಕ್ ಪಡೆದಿದ್ದವು. ಕುಟುಂಬಕ್ಕೆ ಒಟ್ಟು 15 ಲಕ್ಷ. ಒಪ್ಪಲು ಕಾರಣವಿಲ್ಲದೆ ಇಲ್ಲ. 2024ರ ಮಳೆಗಾಲದಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳನ್ನು ಊರವರು ಸ್ಟ್ರೆಚರ್ ಕಟ್ಟಿ, ಕಾಡಿನ ಕೆಸರಿನಲ್ಲಿ ಮೈಲುಗಟ್ಟಲೆ ಹೊತ್ತು ತಂದಿದ್ದರು.

ಲೆಕ್ಕ ಬಾಯಲ್ಲೇ ಇತ್ತು. "ನೂರಕ್ಕ ಏಳರಂಗ ಹಿಡದ್ರ ವರ್ಷಕ್ಕ 1,05,000. ತಿಂಗಳಿಗೆ 8,750."

ಅವನು ಬೆರಳು ಮಡಚುತ್ತ ತನ್ನ ಲೆಕ್ಕ ಹೇಳಿದ. ಸೌದೆಗೆ ಈಗ ದುಡ್ಡಿಲ್ಲ, ನೀರಿಗಿಲ್ಲ, ಮುರುಗಲ ಹಣ್ಣಿಗಿಲ್ಲ, ಎಮ್ಮೆ ಮೇವಿಗಿಲ್ಲ. ಹೊರಗೆ ಎಲ್ಲಕ್ಕೂ ದುಡ್ಡು. "ಆದ್ರ ನನ್ನ ಮಗಳು ಬಸುರಿ ಅದಾಳ್ರಿ" ಎಂದು ಸುಮ್ಮನಾದ.

ನನಗೆ ಹಿಡಕಲ್ ನೆನಪಾಯಿತು. ಘಟಪ್ರಭೆಗೆ ಆಣೆಕಟ್ಟು ಬಂದಾಗ ನಮ್ಮ ಸುತ್ತಲಿನ ಹೊಲಮನೆಗಳು ನೀರಿಗೆ ಹೋದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಇಂದಿಗೂ ಮೇಲೇಳುತ್ತದೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಕೌಂಟರಿನಲ್ಲಿ ಕುಳಿತು ಪರಿಹಾರದ ಹಣ ಜಮಾ ಮಾಡಿಕೊಂಡಿದ್ದೆ. ಮೂರು ವರ್ಷದೊಳಗೆ ಅದೇ ಕೈಗಳು ಹೆಬ್ಬೆಟ್ಟು ಒತ್ತಿ ಕೊನೆಯ ರೂಪಾಯಿ ತೆಗೆದದ್ದನ್ನೂ ಬರೆದುಕೊಂಡಿದ್ದೆ. ಮದುವೆ, ಮೋಟರ್ ಸೈಕಲ್ಲು, ಸಾಲ. ಒಬ್ಬರಿಗೂ ನಾನು ಒಂದು ಮಾತು ಹೇಳಿರಲಿಲ್ಲ. ನನ್ನ ಕೆಲಸ ಅದಲ್ಲ ಅಂದುಕೊಂಡಿದ್ದೆ.

ಈ ಸಲ ಹೇಳಿದೆ. "ಮದಲ ಜಾಗ, ಆಮ್ಯಾಲ ರೊಕ್ಕ. ದವಾಖಾನಿ, ಸಾಲಿ ಹತ್ತರ ಇರೋ ಜಾಗ ಕಣ್ಣಾರೆ ನೋಡು. ರೊಕ್ಕ ನಿನ್ನ ಹೆಸರಿಗೆ, ಹೆಂಡತಿ ಹೆಸರಿಗೆ ಜಂಟಿ ಇಡು. ಒಬ್ಬರ ಸಹಿಗೆ ಬರದಂಗ ಬರಸು."

"ಜಂಟಿ" ಎಂದು ಅವನು ಎರಡು ಸಲ ಹೇಳಿಕೊಂಡ. ಅಷ್ಟರಲ್ಲಿ ಮೇಲೆ ಮಂಗಟ್ಟೆಯೊಂದು ಹಾರಿತು. ಅದರ ರೆಕ್ಕೆಯ ಸದ್ದು ಹಳೆಯ ಉಗಿಬಂಡಿ ಏರು ಹತ್ತಿದ ಹಾಗೆ. ಇಬ್ಬರೂ ತಲೆ ಎತ್ತಿ ಕುಳಿತೆವು.

ಚಪ್ಪಾಳೆ ಮತ್ತೆ ಕೇಳಿಸಿತು, ಹತ್ತಿರವಾಯಿತು. ಮೊಮ್ಮಗಳು ಕೆಂಪು ಮಣ್ಣು ಮೆತ್ತಿಕೊಂಡು, ಏದುಸಿರು ಬಿಡುತ್ತ ಬಂದು ನಿಂತಳು. ಕೆಂಚಳಿಲು ಕಂಡಳಂತೆ, ಕಾಡುಕೋಣದ ಹೆಜ್ಜೆ ಕಂಡಳಂತೆ. ಕಾಡಿನ ಹುಡುಗ ಚಪ್ಪಲಿಯಲ್ಲೇ ಓಡಿಯೂ ಅವಳಿಗಿಂತ ಮುಂದಿದ್ದನಂತೆ.

"ಎಷ್ಟ ನಿಮಿಷ ಆತಜ್ಜಾ?"

ಆಗ ನೆನಪಾಯಿತು. ಹೊರಟಾಗ ನಾನು ಗಡಿಯಾರ ನೋಡಿಯೇ ಇರಲಿಲ್ಲ.

"ಇನ್ನೊಂದ ಸಲ ಓಡಿ ಬಾರವ್ವಾ" ಅಂದೆ.

"ಇವತ್ತಿಗಿಷ್ಟ ಸಾಕ್ರಿ" ಎಂದು ಹಿರಿಯ ಕಾವಲುಗಾರ ಎದ್ದು, ಅವಳ ಕಾಲುಚೀಲಕ್ಕೆ ಹತ್ತಿದ್ದ ಉಣ್ಣೆಯನ್ನು ಉಗುರಿನಿಂದ ಕಿತ್ತು ಎಸೆದ.