ನನ್ನದೇ ಪೇಪರ್, ನನಗೇ 35 ಡಾಲರ್!

ಹೋದ ತಿಂಗಳು ಪಾವಗಡ ಕಡೆಯ ಎಂಎಸ್ಸಿ ಹುಡುಗಿಯೊಬ್ಬಳು ಮೇಲ್ ಮಾಡಿದ್ದಳು. "ಮೇಡಂ, ನಿಮ್ಮ ಫ್ಲೋರೈಡ್ ಪೇಪರಿನ ಸಾರಾಂಶ ಮಾತ್ರ ಸಿಕ್ತು. ಪೂರ್ತಿ ಕಳಿಸ್ತೀರಾ? ನಮ್ಮ ಮನೆ ಮುಂದಿನ ಬೋರ್‌ವೆಲ್ ನೀರೂ ಅದರಲ್ಲಿದೆ ಅಂತಾರೆ ಅಪ್ಪ."

ಇದೆ. 2012ರ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಚೀಲ ಹೊತ್ತು ಆ ಊರುಗಳನ್ನೆಲ್ಲ ಸುತ್ತಿದ್ದೆ. ಹೋದಲ್ಲೆಲ್ಲ ಮಜ್ಜಿಗೆ ಕೊಟ್ಟಿದ್ದರು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅಲ್ಲಿ ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಸಾಕಿತ್ತು, ಅಳೆಯೋದೇ ಬೇಡ ಅನ್ನಿಸೋದು. ಸಾರಾಂಶದಲ್ಲಿ ಬರೀ ಸರಾಸರಿ ಇದೆ. ಯಾವ ಬಾವಿಯಲ್ಲಿ ಎಷ್ಟು ಅನ್ನೋದು ಒಳಗಿನ ಪಟ್ಟಿಯಲ್ಲಿ.

ಕಳಿಸೋಣ ಅಂತ ಹುಡುಕಿದರೆ ಪೇಪರೇ ಇಲ್ಲ! ಹಳೇ ಹಾರ್ಡ್‌ಡಿಸ್ಕ್ ಜೊತೆ ಹೋಗಿತ್ತು. ಪತ್ರಿಕೆಯ ಸೈಟಿಗೆ ಹೋದೆ. ಲೇಖಕಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು, ಅದರ ಕೆಳಗೆ 35 ಡಾಲರ್ ಕೊಡಿ ಅನ್ನೋ ಗುಂಡಿ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ :( 2025ರ ಜನವರಿಯಲ್ಲಿ ಶುರುವಾದ 'ಒಂದು ದೇಶ ಒಂದು ಚಂದಾ' ಯೋಜನೆ ಸರ್ಕಾರಿ ಸಂಸ್ಥೆಗಳಿಗೆ ಅಂತ ಆಗಿದ್ದು. ನನ್ನದೂ ಆ ಹುಡುಗಿಯದೂ ಖಾಸಗಿ ಕಾಲೇಜು. ಅವಳಪ್ಪನಿಗಂತೂ ಯಾವ ಕಾಲೇಜೂ ಇಲ್ಲ.

ತಪ್ಪು ನನ್ನದೂ ಇದೆ ಬಿಡಿ. ಪೇಪರ್ ಒಪ್ಪಿಗೆಯಾದ ಖುಷಿಯಲ್ಲಿ ಹಕ್ಕು ವರ್ಗಾವಣೆ ಫಾರಂಗೆ ಓದದೇ ಸಹಿ ಹಾಕಿದ್ದೆ. ಈ ಸಲ ಕೂತು ಓದಿದೆ. ಆಶ್ಚರ್ಯ ಅಂದ್ರೆ ಅದರಲ್ಲೇ ಒಂದು ಕಿಂಡಿ ಇತ್ತು. ಪತ್ರಿಕೆಯವರು ಅಂದವಾಗಿ ಜೋಡಿಸಿ ಅಚ್ಚು ಮಾಡಿದ ಪಿಡಿಎಫ್ ಅವರದು. ಆದರೆ ವಿಮರ್ಶಕರು ಹೇಳಿದ್ದೆಲ್ಲ ತಿದ್ದಿ ನಾನು ಕೊನೆಗೆ ಕಳಿಸಿದ ವರ್ಡ್ ಫೈಲನ್ನು, ಪ್ರಕಟವಾಗಿ ಹನ್ನೆರಡು ತಿಂಗಳಾದ ಮೇಲೆ ವಿಶ್ವವಿದ್ಯಾಲಯದ ಭಂಡಾರದಲ್ಲಿ ನಾನೇ ಹಾಕಬಹುದಂತೆ. ಎಷ್ಟೋ ಪತ್ರಿಕೆಗಳು ಹೀಗೆ ಬಿಡುತ್ತವೆ. ಮೊದಲು ಷೆರ್ಪಾ ರೋಮಿಯೋ ಅಂತಿದ್ದ, ಈಗ ಓಪನ್ ಪಾಲಿಸಿ ಫೈಂಡರ್ ಅನ್ನೋ ತಾಣದಲ್ಲಿ ಪತ್ರಿಕೆ ಹೆಸರು ಹಾಕಿದರೆ ನಿಯಮ ಸಿಗುತ್ತೆ.

ಭೌತಶಾಸ್ತ್ರದವರು 1991ರಿಂದಲೇ ಆರ್ಕೈವ್‌ನಲ್ಲಿ ತಮ್ಮ ಬರಹ ಹಾಕ್ತಿದ್ದಾರೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 2002ರಿಂದ ಇಂಥ ಭಂಡಾರ ಇದೆ. ಅದರ ಗೇಟಿನ ಮುಂದೆಯೇ ಎಷ್ಟು ವರ್ಷ ಬಸ್ಸಲ್ಲಿ ಓಡಾಡಿದ್ದೀನೋ! ಜರ್ಮನಿಯಲ್ಲಂತೂ 2014ರಿಂದ ಕಾನೂನೇ ಇದೆ. ಅರ್ಧಕ್ಕಿಂತ ಕಡಿಮೆಯಾಗದಷ್ಟು ಸರ್ಕಾರಿ ದುಡ್ಡಲ್ಲಿ ಮಾಡಿದ ಸಂಶೋಧನೆಯಾದರೆ, ಒಂದು ವರ್ಷದ ಮೇಲೆ ಲೇಖಕರು ತಮ್ಮ ಒಪ್ಪಿತ ಪ್ರತಿಯನ್ನ ಲಾಭಕ್ಕಲ್ಲದೆ ಹಂಚಬಹುದು. ಏನೇ ಸಹಿ ಹಾಕಿದ್ದರೂ ಆ ಹಕ್ಕು ಹೋಗಲ್ಲ. ನಮ್ಮಲ್ಲಿ ಹಾಗಿಲ್ಲ, ಫಾರಂನಲ್ಲಿ ಬರೆದಿದ್ದೇ ಗತಿ.

ಸರಿ, ಹಕ್ಕು ಸಿಕ್ಕಿತು, ಫೈಲ್ ಎಲ್ಲಿ? ರಿಟೈರ್ ಆಗಿರೋ ನಮ್ಮ ಗೈಡ್‌ಗೆ ಫೋನ್ ಮಾಡಿದೆ. "ನೀನು ಕಳೀತೀಯ ಅಂತ ಗೊತ್ತಿತ್ತಮ್ಮ" ಅಂತ ನಕ್ಕು, 2013ರ ನನ್ನದೇ ಮೇಲನ್ನ ಫಾರ್ವರ್ಡ್ ಮಾಡಿದರು. 'ಫೈನಲ್ ಫೈನಲ್ 2' ಅನ್ನೋ ಫೈಲ್ :) ಎರಡು ಕಾಗುಣಿತ ತಪ್ಪುಗಳ ಸಮೇತ ಭಂಡಾರಕ್ಕೆ ಹಾಕಿ, ಕೊಂಡಿಯನ್ನ ಹುಡುಗಿಗೆ ಕಳಿಸಿದೆ. ಪಟ್ಟಿಯಲ್ಲಿ ಅವರ ಬೋರ್‌ವೆಲ್ ಹದಿನೇಳನೇ ಸಾಲು. 3.1.

ಮಾರನೇ ದಿನ ಉತ್ತರ ಬಂತು. "ತುಂಬಾ ಥ್ಯಾಂಕ್ಸ್ ಮೇಡಂ. ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವತ್ತೇ ಯಾಕೆ ಯಾರೂ ಬಂದು ಹೇಳಲಿಲ್ಲ ಅಂತ ಕೇಳಿದ್ರು."

ಮೂರು ಸಲ ಬರೆದು ಅಳಿಸಿದ್ದೀನಿ. ಇನ್ನೂ ಕಳಿಸಿಲ್ಲ.