ಆರು ಅಡಿ ಸುತ್ತು, ಹನ್ನೆರಡು ಅಡಿ ಉದ್ದ

ಬೆಳಗಾವಿಯಿಂದ ಪಣಜಿಗೆ ಹೋಗುವ ರಸ್ತೆ ಘಟ್ಟ ಇಳಿಯುವ ಮೊದಲು ಜೋಯಿಡಾ ತಾಲೂಕಿನ ಅನಮೋಡ ಸಿಗುತ್ತದೆ. ಅಲ್ಲಿನ ಫಾರೆಸ್ಟ್ ನಾಕಾದಲ್ಲಿ ನನ್ನ ಸೋದರಮಾವ ಗಾರ್ಡ್ ಆಗಿದ್ದರು. ನಾಟಾ ತುಂಬಿದ ಲಾರಿ ಬಂದರೆ ಪಾಸಿನಲ್ಲಿ ಬರೆದಷ್ಟೇ ಮಾಲು ಇದೆಯೇ ಎಂದು ನೋಡುವುದು ಅವರ ಕೆಲಸ.

ಜೋಯಿಡಾದ ಮಳೆ ಗೊತ್ತಿದ್ದವರಿಗೆ ಆ ಕೆಲಸ ಎಂಥದ್ದೆಂದು ಹೇಳಬೇಕಿಲ್ಲ. ಕಾಗದ ತೆಗೆದರೆ ನೆನೆಯುತ್ತದೆ, ಪೆನ್ನು ಓಡುವುದಿಲ್ಲ. ಮಾಮಾ ಕೊರಡಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. "ಮೊದಲು ಮರ ನೋಡು, ಆಮ್ಯಾಲೆ ಟೇಪು ಹಿಡಿ" ಅನ್ನುತ್ತಿದ್ದರು. ಸುತ್ತಳತೆ ಆರು ಅಡಿ, ಉದ್ದ ಹನ್ನೆರಡು. ಆರರ ಕಾಲುಭಾಗ ಒಂದೂವರೆ. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ ಎರಡೂಕಾಲು. ಅದರ ಹನ್ನೆರಡು ಪಟ್ಟು ಇಪ್ಪತ್ತೇಳು ಘನ ಅಡಿ. ಟೇಪು ಸುತ್ತಿಡುವುದರೊಳಗೆ ಉತ್ತರ ಬಂದಿರುತ್ತಿತ್ತು. ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳನ್ನು ಶಾಲೆಯಲ್ಲಿ ರಾಗವಾಗಿ ಹೇಳಿ ಕಲಿತವರು ಅವರು.

ರೇಖಾಗಣಿತದ ಪ್ರಕಾರ ಆ ದುಂಡು ಕೊರಡಿನಲ್ಲಿ 34 ಘನ ಅಡಿಗೂ ಹೆಚ್ಚು ಕಟ್ಟಿಗೆ ಇರುತ್ತದೆ. ಕಾಲುಸುತ್ತಿನ ಲೆಕ್ಕ ಅದರಲ್ಲಿ ಐದನೇ ಒಂದು ಪಾಲಿಗಿಂತ ತುಸು ಹೆಚ್ಚನ್ನು ಬಿಟ್ಟುಕೊಡುತ್ತದೆ. ಕೊಯ್ಯುವಾಗ ಹೋಗುವ ಹೊರಪಟ್ಟಿಗೆ, ಗರಗಸದ ಹುಡಿಗೆ ಅಷ್ಟು ಬಿಡಲೇಬೇಕು. ಮರ ಕಂಡವರು ಕಟ್ಟಿದ ಲೆಕ್ಕ ಅದು.

ಇಂಥ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಕಾಲವೂ ಬಂತು. 1971ರಲ್ಲಿ ಇಂಟೆಲ್ ಕಂಪನಿಯ 4004 ಚಿಪ್ ಬಂತು. ಜಪಾನಿನ ಬ್ಯುಸಿಕಾಮ್ ಕಂಪನಿಗೆ ಲೆಕ್ಕದ ಯಂತ್ರ ಬೇಕಿತ್ತು, ಅದಕ್ಕಾಗಿ ಹುಟ್ಟಿದ್ದು. ಅದರಲ್ಲಿದ್ದದ್ದು 2300 ಟ್ರಾನ್ಸಿಸ್ಟರ್. ಚಿಪ್ ಮೇಲಿನ ಬಿಡಿಭಾಗಗಳು ವರ್ಷವರ್ಷ ಇಮ್ಮಡಿಯಾಗುತ್ತವೆ ಎಂದು, ಮುಂದೆ ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ಗಾರ್ಡನ್ ಮೂರ್ 1965ರಲ್ಲೇ ಬರೆದಿದ್ದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. 1993ರ ಪೆಂಟಿಯಮ್‌ನಲ್ಲಿ 31 ಲಕ್ಷ ಟ್ರಾನ್ಸಿಸ್ಟರ್, 2020ರ ಆ್ಯಪಲ್ ಎಂ1ರಲ್ಲಿ 1600 ಕೋಟಿ. ಈ ಓಟಕ್ಕೆ ನಮ್ಮ ನಾಡೂ ಕೈಹಚ್ಚಿದೆ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು.

ನಾಕಾಕ್ಕೂ ಕ್ಯಾಲ್ಕ್ಯುಲೇಟರ್ ಬಂತು. ಹುಡುಗರು ಗುಂಡಿ ಒತ್ತುತ್ತಿದ್ದರು, ಮಾಮಾ ಬಾಯಲ್ಲೇ ಹೇಳಿ ತಾಳೆ ನೋಡುತ್ತಿದ್ದರು. ಕೆಲವು ಮಳೆಗಾಲ ಕಳೆದ ಮೇಲೆ ತಾಳೆ ನೋಡುವುದನ್ನು ಯಾರೂ ಕೇಳಲಿಲ್ಲ. ಯಂತ್ರ ತಪ್ಪುತ್ತಿರಲಿಲ್ಲ, ನಿಜ. ಆದರೆ ಅಂಗೈ ಇಟ್ಟು ನಿಲ್ಲುವ ಆ ಗಳಿಗೆ ಇಲ್ಲವಾಯಿತು. ಇದು ಮತ್ತಿಯೋ ಹೊನ್ನೆಯೋ, ಒಳಗೆ ಪೊಟರೆಯಿದೆಯೋ, ಲೆಕ್ಕ ಎಷ್ಟರ ಆಸುಪಾಸಿಗೆ ಬರಬೇಕು ಎಂಬುದೆಲ್ಲ ಆ ಗಳಿಗೆಯಲ್ಲೇ ತಿಳಿಯುತ್ತಿತ್ತು. ಹಸಿರು ಮರ ಕಡಿಯುವುದು ಕಡಿಮೆಯಾದದ್ದು ಒಳ್ಳೆಯದೇ. ಆ ಲಾರಿಗಳು ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ಮಾಮಾನ ಕಣ್ಣು ಮಾತ್ರ ಉಳಿಯಬೇಕಿತ್ತು.

ಈಗಲೂ ಅನಮೋಡದ ಸುತ್ತಿನ ಕಾಡಿನಲ್ಲಿ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗ್ನಲ್ ಬೇಡ. ಜೇಬಿನೊಳಗಿನ ಚಿಪ್ ಒಂದೂವರೆ ಒಂದೂವರೆಗಳನ್ನು ಸೆಕೆಂಡಿಗೆ ಕೋಟಿ ಸಲ ಗುಣಿಸಬಲ್ಲದು. ನನ್ನ ಮಗಳು ಬೆಂಗಳೂರಿನಲ್ಲಿ ಅಂಥ ಚಿಪ್‌ಗಳ ಕೆಲಸವನ್ನೇ ಮಾಡುತ್ತಾಳೆ. ಕಳೆದ ಸಲ ಊರಿಗೆ ಬಂದವಳಿಗೆ ರಸ್ತೆ ಬದಿಯ ಮತ್ತಿಮರ ತೋರಿಸಿ ಅಜ್ಜ ಹೇಗೆ ಅಳೆಯುತ್ತಿದ್ದರೆಂದು ಹೇಳಿದೆ. ಅವಳು ಮರವನ್ನು ತಬ್ಬಿ ಎರಡು ತೋಳಿಗೆ ಎಷ್ಟು ಸಿಗುತ್ತದೆಂದು ನೋಡಿದಳು. "ಹಂಗಾದ್ರ ಇದು ಎಷ್ಟಾತು ಅಪ್ಪಾ?" ಅಂದಳು. ಅಂದಾಜು ಹೇಳಬಲ್ಲವರು ನಮ್ಮ ಮನೆಯಲ್ಲಿ ಮಾಮಾ ಒಬ್ಬರೇ ಇದ್ದರು.