ಅಲ್ಲಿ ಸೋಮವಾರ, ಇಲ್ಲಿ ಮಂಗಳವಾರ

ವಾಡಿ ಜಂಕ್ಷನ್ನಿನಲ್ಲಿ ಮುಂಬಯಿಯ ದೊಡ್ಡ ದಾರಿಯನ್ನು ಬಿಟ್ಟು ಸಿಕಂದರಾಬಾದಿನ ಕಡೆಗೆ ಹೊರಳುವ ರೈಲುಗಾಡಿಗೆ ಮೊದಲಿನಿಂದಲೂ ಅವಸರ ಕಡಮೆ. 1874ರಲ್ಲಿ ನಿಜಾಮರ ಸಂಸ್ಥಾನಕ್ಕಾಗಿ ಹಾಕಿದ ದಾರಿ ಇದು. ಚಿತ್ತಾಪುರ ದಾಟುತ್ತಲೇ ಎರಡು ಮಗ್ಗುಲಲ್ಲಿಯೂ ಕರಿಮಣ್ಣಿನ ತೊಗರಿ ಹೊಲಗಳು. ಹೊಲಕ್ಕೂ ಹೊಲಕ್ಕೂ ನಡುವೆ, ಮನೆಯ ಗೋಡೆಗೆ, ಅಂಗಳಕ್ಕೆ, ಕಟ್ಟೆಗೆ, ಎಲ್ಲಿ ನೋಡಿದರಲ್ಲಿ ಹಾಸುಗಲ್ಲು. ಶಹಾಬಾದಿನ ಹೆಸರಿನಿಂದ ನಾಡಿನ ಎಷ್ಟೋ ಅಡಿಗೆಮನೆಗಳ ನೆಲವನ್ನು ಸೇರಿದ ಕಲ್ಲು ಇದೇ. ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಸಮೀಪಿಸಿದಾಗ ಆ ಕಲ್ಲಿನ ಇನ್ನೊಂದು ಅವತಾರ ಎದುರಾಗುತ್ತದೆ: ಮುಗಿಲೆತ್ತರದ ಚಿಮಣಿ, ಉದ್ದನೆಯ ಸಾಗಣೆಪಟ್ಟಿ, ಸಿಮೆಂಟು ಹೊತ್ತು ನಿಂತ ವ್ಯಾಗನ್ನುಗಳು. 1980ರ ದಶಕದಲ್ಲಿ ಇಲ್ಲಿ ಎದ್ದ ರಾಜಶ್ರೀ ಸಿಮೆಂಟ್ ಕಾರ್ಖಾನೆಯ ಬಳಿ, ಅದರ ನೌಕರರಿಗಾಗಿ ಬೆಳೆದ ಬಡಾವಣೆಯೇ ಆದಿತ್ಯನಗರ.

ಇತಿಹಾಸವನ್ನು ಅರಸಿ ಬರುವ ಪ್ರವಾಸಿಗೆ ಆದಿತ್ಯನಗರ ಬರಿಯ ದಾರಿಗುರುತು. ಅವನ ಗಮ್ಯ ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ. ಕೋಟೆಯ ಹಾಳುಗೋಡೆ, ಪುರಾತನ ಬಸದಿ, ಜಯತೀರ್ಥರ ಹೆಸರಿನ ವೃಂದಾವನ, ಇವುಗಳನ್ನು ಕಂಡು ಅವನು ರೈಲಿಗೆ ಮರಳುತ್ತಾನೆ. ಕ್ವಾರ್ಟರ್ಸಿನ ಸಾಲುಮನೆಗಳಲ್ಲಿ ನೋಡುವಂಥದು ಏನಿದ್ದೀತು ಎಂಬುದು ಅವನ ಭಾವನೆ. ಆದರೆ ಒಂದು ನಾಡಿನ ಮಕ್ಕಳು ಏನನ್ನು ನೋಡಿ ಬೆಳೆದರು ಎಂಬುದೂ ಆ ನಾಡಿನ ಚರಿತ್ರೆಯೇ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಕಾರ್ಖಾನೆಯಲ್ಲಿ ಹಿಂದಿ ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುವ ಇಂಥ ಕಾಲೊನಿಯ ಹುಡುಗರಿಗೆ 1990ರ ದಶಕದಲ್ಲಿ ಐದನೆಯದೊಂದು ನುಡಿ ದೊರೆಯಿತು. ಅದಕ್ಕೆ ವ್ಯಾಕರಣವಿರಲಿಲ್ಲ, ಅಂಡರ್‌ಟೇಕರ್, ಬ್ರೆಟ್ ಹಾರ್ಟ್, ಹಲ್ಕ್ ಹೋಗನ್, ಸ್ಟಿಂಗ್ ಎಂಬ ನಾಮಪದಗಳು ಮಾತ್ರ ಇದ್ದವು.

ದೂರದರ್ಶನ ಎಂಬುದು ಕಲಬುರಗಿ ಸೀಮೆಗೆ ತಡವಾಗಿ ಬಂದ ಅತಿಥಿಯಲ್ಲ. ಇದು ಅನೇಕರಿಗೆ ಸೋಜಿಗವೆನಿಸಬಹುದು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕೆಯ ಉಪಗ್ರಹವೊಂದನ್ನು ಎರವಲು ಪಡೆದು ಭಾರತ ಸರ್ಕಾರ ನಡೆಯಿಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಕರ್ನಾಟಕದ ಪಾಲಿಗೆ ಆಯ್ದ ಜಿಲ್ಲೆಗಳು ಕಲಬುರಗಿ, ರಾಯಚೂರು, ವಿಜಾಪುರ. ಕೋಳಿಗೂಡಿನ ಬಲೆಯನ್ನು ಹೋಲುವ ತಂತಿಯ ಆಂಟೆನಾ ನಿಲ್ಲಿಸಿ, ಊರಿನವರೆಲ್ಲ ಒಂದು ಪೆಟ್ಟಿಗೆಯ ಎದುರು ಕುಳಿತು ಬೇಸಾಯದ ಪಾಠ, ಆರೋಗ್ಯದ ಪಾಠ ಕೇಳಿದರು. ಬೆಂಗಳೂರಿಗೆ ತನ್ನದೇ ಕೇಂದ್ರ ದೊರೆತದ್ದು 1981ರಲ್ಲಿ. ಅಂದರೆ ರಾಜಧಾನಿಯ ಮಂದಿ ರೇಡಿಯೋದ ಕಿವಿ ಹಿಂಡುತ್ತಿದ್ದಾಗ ಈ ಸೀಮೆಯ ಹಳ್ಳಿಗರು ಟೆಲಿವಿಷನ್ ನೋಡಿ ಎದ್ದು ಹೋಗಿಯಾಗಿತ್ತು! ಉಪಗ್ರಹ ಮೊದಲ ಸಲ ಬಂದದ್ದು ಮೇಷ್ಟರಾಗಿ. ಹದಿನೈದಿಪ್ಪತ್ತು ವರ್ಷಗಳ ಮೇಲೆ ಎರಡನೆಯ ಸಲ ಬಂದಾಗ ಲಂಗೋಟಿ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಬಂದಿತು.

ಎರಡು ಕಂಪೆನಿಗಳ ಕುಸ್ತಿ ಅದು. ಡಬ್ಲ್ಯು.ಡಬ್ಲ್ಯು.ಎಫ್. ಎಂಬುದರ ಯಜಮಾನ ವಿನ್ಸ್ ಮ್ಯಾಕ್‌ಮಹೊನ್, ಡಬ್ಲ್ಯು.ಸಿ.ಡಬ್ಲ್ಯು. ಎಂಬುದರ ಬೆನ್ನಿಗೆ ಸಿ.ಎನ್.ಎನ್. ಕಟ್ಟಿದ ಟೆಡ್ ಟರ್ನರ್. ಮೊದಲನೆಯವನ ‘ರಾ’ ಪ್ರದರ್ಶನ 1993ರ ಜನವರಿ 11ರಂದು ಆರಂಭವಾಯಿತು, ಸೋಮವಾರ ರಾತ್ರಿ. ಎರಡನೆಯವರು 1995ರ ಸೆಪ್ಟೆಂಬರ್ 4ರಂದು ‘ನೈಟ್ರೋ’ ಎಂಬುದನ್ನು ತೆರೆದರು. ಅದೂ ಸೋಮವಾರ ರಾತ್ರಿಯೇ. ಎದುರುಬದುರು ಅಂಗಡಿ ಇಟ್ಟಂತೆ. ಅಮೆರಿಕೆಯ ಪ್ರೇಕ್ಷಕ ಒಂದನ್ನು ನೋಡಿದರೆ ಇನ್ನೊಂದನ್ನು ಬಿಡಬೇಕು, ಇಲ್ಲವೇ ಎರಡರ ನಡುವೆ ಗಳಿಗೆಗೊಮ್ಮೆ ಗುಂಡಿ ಒತ್ತುತ್ತ ಕೂರಬೇಕು. 1996ರ ಜೂನ್‌ನಿಂದ 1998ರ ಏಪ್ರಿಲ್‌ವರೆಗೆ ಬಿಡದೆ 83 ವಾರ ನೈಟ್ರೋ ಗೆದ್ದಿತು. ಗೆಲವು ಎಂದರೆ ಕಣದಲ್ಲಿ ಅಲ್ಲ, ಎಷ್ಟು ಮನೆಗಳಲ್ಲಿ ಪೆಟ್ಟಿಗೆ ತೆರೆದಿತ್ತು ಎಂಬ ಲೆಕ್ಕದಲ್ಲಿ.

ನಮ್ಮ ದೇಶದ ಕೇಬಲ್ಲಿಗೆ ಬರುವ ಹೊತ್ತಿಗೆ ಆ ‘ಒಂದೇ ರಾತ್ರಿ, ಒಂದೇ ಗಳಿಗೆ’ ಎಂಬ ಬಿಗಿ ಸಡಿಲಾಗಿತ್ತು. ಕಂತುಗಳು ತಡವಾಗಿ, ಬೇರೆ ಬೇರೆ ಚಾನೆಲ್ಲುಗಳಲ್ಲಿ ಬರುತ್ತಿದ್ದವು. ಆದುದರಿಂದ ಇಲ್ಲಿನ ಹುಡುಗ ಯಾರ ಪಕ್ಷವನ್ನೂ ಸೇರಬೇಕಾಗಿರಲಿಲ್ಲ. ವಾರದಲ್ಲಿ ಎರಡನ್ನೂ ನೋಡಿ ತೀರ್ಪು ಕೊಡುವ ನ್ಯಾಯಾಧೀಶನಾದ. ಅವನ ಧರ್ಮಶಾಸ್ತ್ರವೆಂದರೆ ಅಂಗಡಿಯಲ್ಲಿ ಮಾರುತ್ತಿದ್ದ ಟ್ರಂಪ್ ಕಾರ್ಡುಗಳ ಕಟ್ಟು. ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಪಂದ್ಯ, ರ್ಯಾಂಕು, ಇವೆಲ್ಲವೂ ಗಣಿತದ ಮಗ್ಗಿಗಿಂತ ಬೇಗ ಬಾಯಿಪಾಠವಾಗುತ್ತಿದ್ದವು.

ಎರಡರ ತಾರತಮ್ಯವನ್ನು ತಿಳಿಯಲು ಒಂದು ವಾರವನ್ನು ಆಯ್ದುಕೊಂಡರೆ ಸಾಕು. 1999ರ ಜನವರಿ 4, ಸೋಮವಾರ. ‘ರಾ’ದ ಆ ಕಂತು ಆರು ದಿನ ಮೊದಲೇ ಮುದ್ರಣವಾಗಿತ್ತು, ನೈಟ್ರೋ ಅಟ್ಲಾಂಟಾ ನಗರದಿಂದ ನೇರ ಪ್ರಸಾರ. ‘ರಾ’ದಲ್ಲಿ ಮ್ಯಾನ್‌ಕೈಂಡ್ ಎಂಬ ವೇಷದ ಮಿಕ್ ಫೋಲಿ ಕಿರೀಟ ಗೆಲ್ಲುವವನಿದ್ದ. ಆತನದು ಮಲ್ಲನ ಮೈಯಲ್ಲ. ಬೊಜ್ಜು ದೇಹ, ಹರಿದ ಕಿವಿ, ಮುಖಕ್ಕೆ ಚರ್ಮದ ಮುಸುಕು. ಎದುರಾಳಿಯ ಕಂತಿನ ಗುಟ್ಟನ್ನು ಬಯಲುಮಾಡಿದರೆ ಅದನ್ನು ಯಾರೂ ನೋಡಲಾರರೆಂದು ಎಣಿಸಿ, ನೈಟ್ರೋದ ವೀಕ್ಷಕವಿವರಣೆಗಾರ ಮೇಲಿನವರ ಅಪ್ಪಣೆಯಂತೆ ಆ ಫಲಿತಾಂಶವನ್ನು ತಾನೇ ಹೇಳಿ ಲೇವಡಿ ಮಾಡಿದ. ಆದದ್ದೇ ಬೇರೆ. ಲಕ್ಷಗಟ್ಟಲೆ ಜನ ಆ ಕ್ಷಣವೇ ಚಾನೆಲ್ ಬದಲಿಸಿ ಫೋಲಿಯ ಗೆಲವನ್ನು ನೋಡಲು ಹೋದರು! ಅದೇ ರಾತ್ರಿ ನೈಟ್ರೋದ ಮುಖ್ಯ ಕಾಳಗದಲ್ಲಿ ಹಲ್ಕ್ ಹೋಗನ್ ಒಂದೇ ಬೆರಳಿನಿಂದ ಕೆವಿನ್ ನ್ಯಾಶ್‌ನ ಎದೆಯನ್ನು ಮುಟ್ಟಿದ. ಏಳಡಿಯ ಸಮೀಪದ ಆ ಆಳು ಗುಂಡೇಟು ತಗುಲಿದವನಂತೆ ಅಂಗಾತ ಬಿದ್ದ. ಕಿರೀಟ ಕೈ ಬದಲಿಸಿತು. ಲೆಕ್ಕದಲ್ಲಿ ‘ರಾ’ಗೆ 5.7, ನೈಟ್ರೋಗೆ 5.0. ಆ ಮೇಲೆ ನೈಟ್ರೋ ಚೇತರಿಸಿಕೊಳ್ಳಲಿಲ್ಲ.

ಮುಂದೇನಾಗುವುದೆಂದು ತಿಳಿದ ಮೇಲೂ ಜನ ನೋಡಲು ಓಡಿದುದೇಕೆ? ಮಾನ್ಯಖೇಟದ ಮಗ್ಗುಲಲ್ಲಿ ನಿಂತವರಿಗೆ ಇದು ಒಗಟಾಗಬೇಕಾಗಿಲ್ಲ. ಕಲ್ಯಾಣಕ್ಕೆ ರಾಜಧಾನಿ ಹೋಗುವ ಮುನ್ನ ಚಾಲುಕ್ಯರು ಮಳಖೇಡದಿಂದಲೇ ಆಳುತ್ತಿದ್ದ ಕಾಲದಲ್ಲಿ ರನ್ನನ ಗದಾಯುದ್ಧ ಹುಟ್ಟಿತು. ದುರ್ಯೋಧನನ ತೊಡೆ ಮುರಿಯುವುದು ಕೇಳುಗನಿಗೆ ಮೊದಲ ಪದ್ಯಕ್ಕೆ ಮುಂಚೆಯೇ ಗೊತ್ತು. ಹಳ್ಳಿಯ ದೊಡ್ಡಾಟದಲ್ಲಿಯೂ ಹಾಗೆಯೇ. ಭೀಮನ ಪಾತ್ರಧಾರಿ ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವ ಪರಿಚಿತನೇ ಎಂದು ತಿಳಿದೂ ಜನ ಬೆಳ್ಳಿ ಮೂಡುವವರೆಗೆ ಕದಲುವುದಿಲ್ಲ. ಕಿರೀಟ, ಬಣ್ಣ, ಅಬ್ಬರದ ಪ್ರವೇಶ, ಬೈಗುಳದ ಸಂವಾದ, ಇವೆಲ್ಲ ಇರುವಲ್ಲಿ ಕುಸ್ತಿಯ ಹೆಸರು ನಿಮಿತ್ತಮಾತ್ರ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ತಲೆಮಾರಿನ ಪ್ರೇಕ್ಷಕರಿರುತ್ತಿದ್ದರು. ಮೊಮ್ಮಗನಿಗೆ ಮೈಮರವು, ಪರೀಕ್ಷೆ ಹತ್ತಿರ ಬಂದಿತೆಂದು ತಾಯಿಗೆ ಚಿಂತೆ, ಹಳ್ಳಿಯಿಂದ ಬಂದು ಒಂದೆರಡು ತಿಂಗಳು ಇದ್ದು ಹೋಗುವ ಮುತ್ಯಾನಿಗೆ, ಪ್ರಾಯದಲ್ಲಿ ತಾಲೀಮಿನ ಮಣ್ಣು ಮೆತ್ತಿಕೊಂಡವನಿಗೆ, ಒಂದು ಬಗೆಯ ಅನುಮಾನ.

“ಇದು ಖರೇ ಕುಸ್ತಿ ಏನ್ ಮುತ್ಯಾ?”

“ಕುಸ್ತಿ ಅಲ್ಲೋ ತಮ್ಮಾ, ಇದು ದೊಡ್ಡಾಟ. ಆದ್ರ ಬೀಳೋದು ಮಾತ್ರ ಖರೇ ಅದ.”

ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ಬರೆದವರು ವಿರಳ. ಕಾಳಗವೆಲ್ಲ ಮನರಂಜನೆಯೆಂದು ಡಬ್ಲ್ಯು.ಡಬ್ಲ್ಯು.ಎಫ್. ಕಂಪೆನಿಯೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತ್ತು. ಕ್ರೀಡೆಯೆನಿಸಿದರೆ ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ, ಮನರಂಜನೆಯೆನಿಸಿದರೆ ಅವಿಲ್ಲ. ಅದಕ್ಕೆ 860 ವರ್ಷ ಹಿಂದೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಕುಸ್ತಿಯನ್ನು ‘ಮಲ್ಲವಿನೋದ’ವೆಂದೇ ಕರೆದಿದ್ದ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವರ್ಗಗಳಾಗಿ ವಿಂಗಡಿಸಿ, ಅವರ ಆಹಾರ, ಸಾಧನೆ, ಪಟ್ಟುಗಳನ್ನು ಅಲ್ಲಿ ಹೇಳಿದ್ದಾನೆ. ನೋಡುವವನಿಗೆ ವಿನೋದ; ಆಡುವವನಿಗೆ ಮಾತ್ರ ಸತ್ಯ. ಮೈಸೂರಿನಲ್ಲಿ ವಿಜಯದಶಮಿಯಂದು ಜೆಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ ಮೊದಲ ರಕ್ತದ ಹನಿ ಕಂಡೊಡನೆ ನಿಲ್ಲುತ್ತದೆ. ಅಮೆರಿಕೆಯ ಕಣದಲ್ಲಿ ಆ ಹನಿ ಕಂಡ ಮೇಲೆಯೇ ಆಟ ರಂಗೇರುವುದು.

ಗುಣದಲ್ಲಿ ಎರಡನ್ನೂ ತೂಗುವುದಾದರೆ, ನೈಟ್ರೋದ ಮೊದಲ ಗಂಟೆಯೇ ಮೇಲು. ರೇ ಮಿಸ್ಟೀರಿಯೊನಂಥ ಸಣ್ಣಾಳುಗಳು, ಮೆಕ್ಸಿಕೋ ಜಪಾನುಗಳ ಚಳಕಗಾರರು ಅಲ್ಲಿ ಗಾಳಿಯಲ್ಲಿ ಪಲ್ಟಿ ಹೊಡೆಯುವ ಅಂದವನ್ನು ಟ್ರಂಪ್ ಕಾರ್ಡಿನ ತೂಕದ ಲೆಕ್ಕ ಹೇಳಲಾರದು. ಅವರ ಸರದಿ ಮುಗಿದ ಮೇಲೆ ವಯಸ್ಸಾದ ತಾರೆಗಳು ಬಂದು ಮಾತನಾಡಿ ಹೊತ್ತು ಕಳೆಯುತ್ತಿದ್ದರು. ‘ರಾ’ದಲ್ಲಿ ಕುಸ್ತಿ ಕಡಮೆ, ಕತೆ ಹೆಚ್ಚು, ಯಜಮಾನನನ್ನೇ ಬಡಿಯುವ ನೌಕರ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್‌ನ ಕತೆ. ಪಾಳಿಯ ಕೆಲಸ ಮುಗಿಸಿ ಬಂದು ಕುಳಿತವರಿಗೆ ಅದು ಯಾವ ದೇಶದಲ್ಲಿಯೂ ಹಿಡಿಸುವ ಕತೆಯೇ. ಆದರೆ ಅದರ ಅಶ್ಲೀಲ ಸಂಜ್ಞೆ, ಹೆಂಗಸರನ್ನು ನಡೆಯಿಸಿಕೊಂಡ ರೀತಿ ಮನೆಮಂದಿ ಒಟ್ಟಿಗೆ ಕುಳಿತು ನೋಡತಕ್ಕದ್ದಲ್ಲ. ತಾಯಂದಿರು ರಿಮೋಟನ್ನು ಕಸಿದುಕೊಂಡದ್ದು ಬರಿಯ ಪರೀಕ್ಷೆಯ ಭಯದಿಂದಲ್ಲ.

ಇನ್ನೊಂದು ಭಯವೂ ಇತ್ತು, ಅದೇ ನಿಜವಾದುದು. ಮಂಚದ ಮೇಲಿನಿಂದ ತಮ್ಮನ ಮೇಲೆ ಹಾರುವ ಅಣ್ಣನಿಗೆ, ಬೀಳುವುದು ವರ್ಷಗಟ್ಟಲೆ ಕಲಿತ ವಿದ್ಯೆ ಎಂಬುದು ತಿಳಿಯದು. ‘ಮನೆಯಲ್ಲಿ ಪ್ರಯತ್ನಿಸಬೇಡಿ’ ಎಂಬ ಎಚ್ಚರಿಕೆ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಬಂದು ಹೋಗುತ್ತಿತ್ತು. ಕಲಿತವರೂ ಉಳಿಯಲಿಲ್ಲ. 1999ರ ಮೇ 23ರಂದು ಕಾನ್ಸಸ್ ಸಿಟಿಯಲ್ಲಿ, ಛಾವಣಿಯಿಂದ ಹಗ್ಗದ ಮೇಲೆ ಇಳಿದು ಪ್ರವೇಶ ಮಾಡಬೇಕಾಗಿದ್ದ ಓವೆನ್ ಹಾರ್ಟ್ ಎಪ್ಪತ್ತು ಅಡಿಗೂ ಮೇಲಿನಿಂದ ಕಣಕ್ಕೆ ಬಿದ್ದು ಸತ್ತ. ವಯಸ್ಸು 34. ಕೆಲವು ನಿಮಿಷ ಬಿಟ್ಟು ಪ್ರದರ್ಶನ ಮುಂದುವರಿಯಿತು. ಬಿದ್ದದ್ದು ಆಟದ ಭಾಗವೋ ಎಂದು ಆ ಕ್ಷಣ ಸಭಾಂಗಣದಲ್ಲಿ ಅನೇಕರು ಭಾವಿಸಿದ್ದರು. ಸುಳ್ಳನ್ನು ಚೆನ್ನಾಗಿ ಆಡುವವರ ಪಾಲಿನ ದಾರುಣವಿದು: ಸತ್ಯ ಬಂದಾಗ ಅದನ್ನು ನಂಬಿಸಲು ಅವರಲ್ಲಿ ಬೇರೆ ಸಾಧನವಿರುವುದಿಲ್ಲ.

ಯುದ್ಧ ಮುಗಿದ ಬಗೆಯೂ ವಿಚಿತ್ರ. 2001ರ ಮಾರ್ಚ್ 26, ನೈಟ್ರೋದ ಕಡೆಯ ರಾತ್ರಿ. ಪ್ರೇಕ್ಷಕರು ಅತ್ತ ತಿರುಗಿಸಿದರೂ ಇತ್ತ ತಿರುಗಿಸಿದರೂ ವಿನ್ಸ್ ಮ್ಯಾಕ್‌ಮಹೊನ್‌ನ ಮುಖವೇ. ಎದುರಂಗಡಿಯನ್ನು ಆತ ಕೆಲವೇ ದಶಲಕ್ಷ ಡಾಲರುಗಳಿಗೆ ಕೊಂಡುಕೊಂಡಿದ್ದ. ಮರುವರ್ಷ ಕಂಪೆನಿಯ ಹೆಸರೂ ಡಬ್ಲ್ಯು.ಡಬ್ಲ್ಯು.ಇ. ಆಯಿತು, ಮೂರು ಅಕ್ಷರಗಳಿಗಾಗಿ ವನ್ಯಜೀವಿ ನಿಧಿಯವರು ಹೂಡಿದ್ದ ವ್ಯಾಜ್ಯದಲ್ಲಿ ಸೋತ ಫಲವದು. ಆಮೇಲೆ 2019ರ ಅಕ್ಟೋಬರಿನಿಂದ 2021ರ ಏಪ್ರಿಲ್‌ವರೆಗೆ ಬುಧವಾರ ರಾತ್ರಿಗಳಲ್ಲಿ ಎ.ಇ.ಡಬ್ಲ್ಯು. ಕಂಪೆನಿಯ ‘ಡೈನಮೈಟ್’ ಎದುರು ಡಬ್ಲ್ಯು.ಡಬ್ಲ್ಯು.ಇ.ಯ ‘ಎನ್.ಎಕ್ಸ್.ಟಿ.’ ನಿಂತು ಅಂಥದೇ ಸ್ಪರ್ಧೆ ನಡೆಯಿತಾದರೂ ಅದರಲ್ಲಿ ಆ ಬಿಸಿಯಿರಲಿಲ್ಲ, ಎನ್.ಎಕ್ಸ್.ಟಿ. ಮಂಗಳವಾರಕ್ಕೆ ಸರಿದು ಮುಗಿಯಿತು.

ಎದುರಂಗಡಿಯ ಸಂಗತಿ ಈ ಊರಿಗೂ ಹೊಸದಲ್ಲ. ರೈಲಿನಲ್ಲಿ ಮುಂದಿನ ದೊಡ್ಡ ನಿಲ್ದಾಣವಾದ ಸೇಡಂನಲ್ಲಿ, ರಾಜಶ್ರೀ ಎದ್ದ ದಶಕದಲ್ಲಿಯೇ ವಾಸವದತ್ತಾ ಸಿಮೆಂಟ್ ಎದ್ದಿತು. (ಉದಯನನ ಅರಸಿ ಸಿಮೆಂಟು ಚೀಲದ ಮೇಲೆ ಬಂದದ್ದು ಸಂಸ್ಕೃತ ಓದಿದವರಿಗೆ ತುಸು ನಗೆ ತರಿಸುತ್ತದೆ.) ಒಂದು ಆದಿತ್ಯ ಬಿರ್ಲಾ ಸಮೂಹದ್ದು, ಇನ್ನೊಂದು ಅವರ ತಂದೆ ಬಿ.ಕೆ. ಬಿರ್ಲಾ ಅವರ ಕೇಸೋರಾಂ ಕಂಪೆನಿಯದು. ಒಂದೇ ಸುಣ್ಣಕಲ್ಲು, ಒಂದೇ ರೈಲುದಾರಿ, ಎರಡು ಚೀಲ. ರಾಜಶ್ರೀ 2010ರಲ್ಲಿ ಅಲ್ಟ್ರಾಟೆಕ್ಕಿನ ಪಾಲಾಯಿತು. 2025ರಲ್ಲಿ ಕೇಸೋರಾಮಿನ ಸಿಮೆಂಟು ವ್ಯವಹಾರವೂ ಅದೇ ಅಲ್ಟ್ರಾಟೆಕ್ಕಿಗೆ ಸೇರಿತು.

ಈಗ ಕುಸ್ತಿ ಟೆಲಿವಿಷನ್ ಪೆಟ್ಟಿಗೆಯನ್ನೂ ಬಿಟ್ಟಿದೆ. 2025ರ ಏಪ್ರಿಲ್‌ನಿಂದ ಭಾರತದಲ್ಲಿ ಅದರ ಬಿಡಾರ ನೆಟ್‌ಫ್ಲಿಕ್ಸ್. ಅಮೆರಿಕೆಯ ಸೋಮವಾರ ರಾತ್ರಿಯ ‘ರಾ’ ಇಲ್ಲಿ ಮಂಗಳವಾರ ಬೆಳಗಿನ ಜಾವಕ್ಕೆ, ಮೊದಲ ಪಾಳಿಯ ಹೊತ್ತಿಗೆ, ತಡವಿಲ್ಲದೆ ಬರುತ್ತದೆ. ಅಂಗೈಯಗಲದ ತೆರೆಯನ್ನು ಮೊಮ್ಮಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬನೇ ನೋಡುತ್ತಾನೆ. ಮುತ್ಯಾನನ್ನು ಕೇಳುವ ಸಂದರ್ಭವೇ ಒದಗುವುದಿಲ್ಲ.

ಸುತ್ತಣ ಹಳ್ಳಿಗಳ ಜಾತ್ರೆ, ಉರುಸುಗಳಲ್ಲಿ ಮಾತ್ರ ಇಂದಿಗೂ ಸಂಜೆಯ ಇಳಿಬಿಸಿಲಿಗೆ ಹಲಗೆ ಬಾರಿಸಿ ಕುಸ್ತಿ ಹಿಡಿಸುತ್ತಾರೆ. ಮೊದಲು ಚಿಕ್ಕ ಹುಡುಗರು, ಗೆದ್ದವನಿಗೆ ತೆಂಗಿನಕಾಯಿ. ಹೊತ್ತು ಏರಿದಂತೆ ಪಣವೂ ಏರಿ, ಕೊನೆಯ ಜೋಡಿಗೆ ಬೆಳ್ಳಿಯ ಕಡೆ. ಟ್ರಂಪ್ ಕಾರ್ಡಿಲ್ಲ, ಕತೆಯಿಲ್ಲ. ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ, ಅದಕ್ಕೆ ಸುತ್ತ ಕುಳಿತ ಊರೇ ಸಾಕ್ಷಿ. ಎಷ್ಟು ಹೊತ್ತಾದರೂ ಇಬ್ಬರಲ್ಲಿ ಯಾರೂ ಬೀಳದಿದ್ದರೆ ಪಂಚರು ನಡುವೆ ಬಂದು ಇಬ್ಬರ ಕೈಯನ್ನೂ ಎತ್ತಿ ‘ಸಮ’ ಎಂದು ಸಾರುತ್ತಾರೆ, ಹಲಗೆ ಒಂದು ಗಳಿಗೆ ನಿಲ್ಲುತ್ತದೆ, ಮುಂದಿನ ಜೋಡಿ ಮಣ್ಣನ್ನು ಹಣೆಗೆ ಒತ್ತಿಕೊಂಡು ಒಳಗೆ ಬರುತ್ತದೆ.